ಗಾಳಿಯಲ್ಲಿ ಎರಡು ಪಟ್ಟೆ

ಆನೇಕಲ್
೧೯-೬-೧೯೭೪

ಅಪ್ಪನಿಗೆ ರತ್ನಳ ನಮಸ್ಕಾರ.

ನಾನು ಹೊರಟ ದಿನ ಬಸ್ಸು ಹನ್ನೊಂದು ಗಂಟೆಗೆ ಆನೇಕಲ್ ಸೇರಿತು. ಅಣ್ಣ ಸ್ಟ್ಯಾಂಡಿನಲ್ಲೇ ನಿಂತಿದ್ದ. ಅವನ ಬಿಳಿ ಷರಟು, ಹೆಗಲ ಮೇಲಿನ ಪಟ್ಟಿ ನೋಡಿ ಕಂಡಕ್ಟರ್ ನಮ್ಮ ರಾಗಿ ಮೂಟೆಯನ್ನು ತಾನೇ ಇಳಿಸಿ, “ಇನ್ಸ್‌ಪೆಕ್ಟರ್ ಸಾರ್, ಎಲ್ಲಿಡ್ಲಿ?” ಅಂದ. ಅಣ್ಣ ಸುಮ್ಮನಿದ್ದ. ಇವರು ಇನ್ಸ್‌ಪೆಕ್ಟರ್ ಅಲ್ಲ, ಪೈಲಟ್, ಕಡಲೆಕಾಯಿ ಹೊಲಕ್ಕೆ ವಿಮಾನದಲ್ಲಿ ಕಂಬಳಿಹುಳದ ಔಷಧಿ ಹೊಡೆಯುತ್ತಾರೆ ಅಂತ ನಾನೇ ಹೇಳಿದೆ. ಕಂಡಕ್ಟರ್ ಮೂಟೆಯನ್ನು ಅಲ್ಲೇ ಬಿಟ್ಟು ಹೋದ. ಅಣ್ಣನೇ ಅದನ್ನು ಹೆಗಲಿಗೇರಿಸಿಕೊಂಡು ನನ್ನ ಮುಂದೆ ಮುಂದೆ ನಡೆದ.

ಮನೆ ಭದ್ರಮ್ಮ ಅನ್ನುವವರದ್ದು. ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಅವರ ರೇಷ್ಮೆ ಹುಳುಗಳಿಗೆ. ಹುಳುಗಳಿಗಿರುವ ಜಾಗವೇ ದೊಡ್ಡದು. ಈರುಳ್ಳಿ ಒಗ್ಗರಣೆಯ ಹೊಗೆ ಆ ಕಡೆ ಹೋಗಬಾರದು, ಬೀಡಿ ಸೇದಿದವರು ಒಳಗೆ ಕಾಲಿಡಬಾರದು ಅಂತ ಮೊದಲ ದಿನವೇ ಹೇಳಿದ್ದಾರೆ.

ಅಪ್ಪ, ಅಣ್ಣನಿಗೆ ಹೋಟೆಲ್ ಊಟ ಒಗ್ಗುತ್ತಿಲ್ಲ, ಅಡುಗೆ ಮಾಡಿಹಾಕು ಅಂತ ನನ್ನನ್ನು ಕಳಿಸಿದೆ. ಅವನು ನಿನಗೆ ಹೇಳಿದ್ದು ನಿಜವಲ್ಲ. ಪೆಟ್ರೋಲಿನ ಬೆಲೆ ಏರಿದ ಮೇಲೆ ಕಂಪನಿ ಕುಸಿದಿದೆ. ಏಪ್ರಿಲ್‌ನಿಂದ ಪೈಲಟ್‌ಗಳಿಗೆ ಅರ್ಧ ಸಂಬಳ. ಕ್ಯಾಂಪಿನ ಅಡುಗೆಯವನನ್ನು ತೆಗೆದರು. ನಾಲ್ಕು ಜನ ಪೈಲಟ್‌ಗಳಲ್ಲಿ ಇಬ್ಬರು ಬಿಟ್ಟು ಹೋದರು. ಉಳಿದವರು ಅಣ್ಣ ಮತ್ತು ವೈಟ್‌ಫೀಲ್ಡಿನ ಡಿಕ್ರೂಸ್ ಸಾಹೇಬರು. ದೀಪಾವಳಿ ಕಳೆದ ಮೇಲೆ ಒಂದೇ ವಿಮಾನ, ಒಬ್ಬನೇ ಪೈಲಟ್ ಅಂತೆ. ಯಾರು ಹೆಚ್ಚು ಎಕರೆ ಹೊಡೆದಿರುತ್ತಾರೋ ಅವರಿಗೇ ಕೆಲಸ.

ಇದನ್ನು ಬರೆಯಬೇಡ ಅಂತ ಅಣ್ಣ ಹೇಳಿದ್ದ. ಕೇಳದಿದ್ದಾಗ ಹೇಳದೆ ಇರುವುದು ಸುಳ್ಳಲ್ಲ ಅನ್ನುವುದು ಅವನ ವಾದ. ಎರಡು ದಿನ ಯೋಚನೆ ಮಾಡಿದೆ. ನೀನು ಪ್ರತಿ ಪತ್ರದಲ್ಲೂ ಎಲ್ಲ ಸರಿಯಾಗಿದೆಯಾ ಅಂತ ಕೇಳುತ್ತೀಯಲ್ಲ. ಅದಕ್ಕೆ ಉತ್ತರ: ಸರಿಯಾಗಿಲ್ಲ.

ಆದರೆ ಅವನು ಹಾರುವುದನ್ನು ನೀನು ನೋಡಬೇಕು. ಎರಡಾಳೆತ್ತರದಲ್ಲಿ ಬರುತ್ತಾನೆ. ಹೊಲದ ಬದುವಿನ ಬೇವಿನ ಮರ ಸಿಕ್ಕಿದಾಗ ಏಳುತ್ತಾನೆ, ದಾಟಿ ಮತ್ತೆ ಇಳಿಯುತ್ತಾನೆ. ಕೆಳಗೆ ನಿಂತ ರೈತರು ತಾವೇ ತಲೆ ತಗ್ಗಿಸುತ್ತಾರೆ.

ನಿನ್ನ ಮಗಳು
ಮುನಿರತ್ನ


ಕುಂದಲಹಳ್ಳಿ
೨೮-೬-೧೯೭೪

ರತ್ನಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ನಿಮ್ಮಮ್ಮನಿಗೆ ಓದಿ ಹೇಳುವಾಗ ಅರ್ಧ ಬಿಟ್ಟೆ. ಇಷ್ಟೇನಾ ಅಂತ ಕೇಳಿದಳು. ಇಷ್ಟೇ ಅಂದೆ.

ಸಂಬಳದ ಸಂಗತಿ ನಮ್ಮಿಬ್ಬರಲ್ಲೇ ಇರಲಿ. ನಾನು ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರೆಕ್ಕೆಯ ತಗಡಿಗೆ ರಿವೆಟ್ ಹೊಡೆಯುತ್ತಿದ್ದೇನೆ. ಕ್ಯಾಂಟೀನಿನಲ್ಲಿ ನನ್ನನ್ನು ಈಗ ಗೋಪಾಲಪ್ಪ ಅನ್ನುವುದಿಲ್ಲ, ಪೈಲಟ್ಟಿನ ಅಪ್ಪ ಅನ್ನುತ್ತಾರೆ. ನಮ್ಮ ಫೋರ್‌ಮನ್‌ಗಿಂತ ನನ್ನ ಮಗನಿಗೆ ಸಂಬಳ ಜಾಸ್ತಿ ಅಂತ ಹೋದ ಯುಗಾದಿಯಲ್ಲಿ ಫೋರ್‌ಮನ್ ಎದುರಿಗೇ ಹೇಳಿದ್ದೇನೆ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ನಿನ್ನ ಬಾಯಿಯ ಬಗ್ಗೆ ಒಂದು ಮಾತು. ಶಾಲಾ ಇನ್ಸ್‌ಪೆಕ್ಟರ್ ಬಂದಾಗ ನಮ್ಮ ಸ್ಕೂಲಿನ ವಿಜ್ಞಾನದ ಕೋಣೆಯ ಬೀಗ ಇದುವರೆಗೂ ತೆಗೆದಿಲ್ಲ ಅಂತ ನೀನು ಹೇಳಿದ್ದು ನಿಜವೇ. ಹೆಡ್‌ಮಿಸ್ಟ್ರೆಸ್ ಕೇಳಿದ್ದು ಒಂದೇ ಒಂದು ಕ್ಷಮೆ. ಕೇಳಿಬಿಟ್ಟಿದ್ದರೆ ಎಸ್‌ಎಸ್‌ಎಲ್‌ಸಿ ಮುಗಿಯುತ್ತಿತ್ತು, ಇಷ್ಟು ಹೊತ್ತಿಗೆ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಆಮೇಲೆ ಪೀಣ್ಯದ ಫ್ಯಾನ್ ಕಾರ್ಖಾನೆಯಲ್ಲಿ ಮೂರು ತಿಂಗಳು, ಟೈಲರಿಂಗ್ ಒಂದೂವರೆ ತಿಂಗಳು. ಅಲ್ಲಾದರೂ ಒಂದು ಕಡೆ ನಿಲ್ಲು. ಅಣ್ಣನ ವಿಚಾರದಲ್ಲಿ ಬಾಯಿ ಬಿಗಿ ಹಿಡಿ.

ಅವನು ಸರಿಯಾಗಿ ಊಟ ಮಾಡುತ್ತಾನಾ? ಅದನ್ನು ಬರಿ.

ಗೋಪಾಲಪ್ಪ


ಆನೇಕಲ್
೧೬-೭-೧೯೭೪

ಅಪ್ಪನಿಗೆ,

ಊಟ ಮಾಡುತ್ತಾನೆ. ಮುದ್ದೆ ಒಂದೂವರೆಯಿಂದ ಒಂದಕ್ಕೆ ಇಳಿದಿದೆ. ಹೊಟ್ಟೆ ಭಾರವಾದರೆ ವಿಮಾನಕ್ಕೂ ಭಾರ ಅನ್ನುತ್ತಾನೆ. ಅದು ಅವನ ತಮಾಷೆ.

ಈಗ ನಾನೂ ಕೆಲಸಕ್ಕೆ ಹೋಗುತ್ತಿದ್ದೇನೆ. ಗಾಬರಿಯಾಗಬೇಡ. ಹೊಲದ ಒಂದು ಕೊನೆಯಲ್ಲಿ ಒಬ್ಬರು, ಇನ್ನೊಂದು ಕೊನೆಯಲ್ಲಿ ಒಬ್ಬರು ಬಿಳಿ ಬಾವುಟ ಹಿಡಿದು ನಿಲ್ಲಬೇಕು. ಆ ಎರಡು ಬಾವುಟದ ನೇರಕ್ಕೆ ಅಣ್ಣ ಹಾರುತ್ತಾ ಔಷಧಿ ಬಿಡುತ್ತಾನೆ. ಹಾಗೆ ಒಂದು ಸಲ ಹಾದು ಹೋದರೆ ಒಂದು ಪಟ್ಟೆ. ನಾವು ಪಕ್ಕಕ್ಕೆ ಹದಿನೆಂಟು ಹೆಜ್ಜೆ ಸರಿದು ಮತ್ತೆ ನಿಂತರೆ ಇನ್ನೊಂದು ಪಟ್ಟೆ. ವಿಮಾನ ತೀರಾ ಹತ್ತಿರ ಬರುವ ಮುಂಚೆಯೇ ಸರಿಯಬೇಕು, ಇಲ್ಲದಿದ್ದರೆ ಔಷಧಿಯ ಸ್ನಾನ. ಕಂಪನಿ ಕೂಲಿ ಇಳಿಸಿದ್ದಕ್ಕೆ ಬಾವುಟದವನೊಬ್ಬ ಬರುವುದು ನಿಲ್ಲಿಸಿದ. ಆ ಬೆಳಿಗ್ಗೆ ಅಣ್ಣ ಇಂಜಿನ್ ಹಾಕಿಕೊಂಡು ಕಾಯುತ್ತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತೆ.

ಮೊದಲ ದಿನ ನನ್ನ ಹೆಜ್ಜೆ ಚಿಕ್ಕದಾಗಿ ಪಟ್ಟೆಯ ಮೇಲೆ ಪಟ್ಟೆ ಬಿದ್ದು ಔಷಧಿ ಸಾಲದೆ ಹೋಯಿತು. “ನೀನೇನ್ ಕೋಲಾಟ ಆಡ್ತಿದೀಯೇನೇ?” ಅಂತ ಬೈದ. ಈಗ ಇಪ್ಪತ್ತೆರಡು ಹೆಜ್ಜೆ ಎಣಿಸುತ್ತೇನೆ, ಸರಿಹೋಗಿದೆ.

ಒಂದು ನಿಯಮವಿದೆ. ಗಾಳಿ ಎದ್ದರೆ ಔಷಧಿ ಹೊಲಕ್ಕೆ ಬೀಳದೆ ಹಾರಿಕೊಂಡು ಹೋಗುತ್ತದೆ. ಅದಕ್ಕೆ ಸೂರ್ಯ ಹುಟ್ಟಿದಾಗಿನಿಂದ ಎಂಟೂವರೆಯವರೆಗೆ ಮಾತ್ರ ಕೆಲಸ. ಬೇಗ ಗಾಳಿ ಎದ್ದರೆ ಬಾವುಟ ನೆಲಕ್ಕೆ ಇಡಬೇಕು. ಬಾವುಟ ನೆಲದ ಮೇಲಿದ್ದರೆ ಪೈಲಟ್ ಔಷಧಿ ಬಿಡುವ ಹಾಗಿಲ್ಲ, ಅವನು ಎಷ್ಟು ದೊಡ್ಡವನಾದರೂ ಸರಿ. ಇದನ್ನು ನನಗೆ ಕಲಿಸಿದವನು ಅಣ್ಣನೇ.

ಡಿಕ್ರೂಸ್ ಸಾಹೇಬರು ಇನ್ನೂರು ಎಕರೆ ಮುಂದಿದ್ದಾರೆ. ಐವತ್ತೆರಡು ವರ್ಷ, ಕನ್ನಡಕ. ಆದರೂ ಅವರು ಹೊಡೆಯುವ ಪಟ್ಟೆ ದಾರ ಹಿಡಿದ ಹಾಗಿರುತ್ತದೆ. ನನ್ನನ್ನು ‘ಮೇಡಂ’ ಅನ್ನುತ್ತಾರೆ. ಕುಂದಲಹಳ್ಳಿಯಲ್ಲಿ ಇದುವರೆಗೆ ಯಾರೂ ಹಾಗೆ ಕರೆದಿಲ್ಲ.

ಒಂದು ಕಡೆ ನಿಲ್ಲು ಅಂದಿದ್ದೆಯಲ್ಲ, ನಿಂತಿದ್ದೇನೆ.

ರತ್ನ


ಆನೇಕಲ್
೮-೮-೧೯೭೪

ಅಪ್ಪ,

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೇ ನ್ಯಾಯ ಹೇಳು.

ಇವತ್ತಿನ ಹೊಲ ಊರಿಗೆ ಅಂಟಿಕೊಂಡದ್ದು. ಅದರ ಮೂಡಲ ಬದು ದಾಟಿದರೆ ಭದ್ರಮ್ಮನೂ ಸೇರಿ ಹನ್ನೊಂದು ಮನೆಯವರ ಹಿಪ್ಪುನೇರಳೆ ತೋಟ. ಮೇಲಿನಿಂದ ನೋಡುವವರಿಗೆ ಎರಡೂ ಹಸಿರೇ. ಎಲ್ಲರ ಮನೆಯ ಹುಳುಗಳೂ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆಗೆ ಇಲ್ಲಿ ಜ್ವರ ಅನ್ನುತ್ತಾರೆ) ಎದ್ದು ಹಗಲೂ ಇರುಳೂ ಸೊಪ್ಪು ತಿನ್ನುತ್ತಿವೆ. ಇನ್ನು ಐದಾರು ದಿನಕ್ಕೆ ಗೂಡು ಕಟ್ಟುತ್ತವೆ. ಮೂಡಲ ಕೊನೆಯಲ್ಲಿ ನಾನು ನಿಂತಿದ್ದೆ.

ಏಳೂಮುಕ್ಕಾಲಿಗೇ ಪಡುವಲ ಗಾಳಿ ಎದ್ದಿತು. ಇನ್ನು ಆರು ಪಟ್ಟೆ ಮಿಕ್ಕಿತ್ತು. ಆ ಆರು ಮುಗಿದರೆ ಅಣ್ಣ ಡಿಕ್ರೂಸ್ ಸಾಹೇಬರನ್ನು ದಾಟುತ್ತಾನೆ ಅಂತ ನನಗೂ ಗೊತ್ತಿತ್ತು. ಗಾಳಿ ಇಳಿಯಬಹುದು ಅಂದುಕೊಂಡು ಬಾವುಟ ಹಿಡಿದೇ ನಿಂತೆ. ಒಂದು ಪಟ್ಟೆ ಆಯಿತು. ಎರಡನೆಯದು ಹೊಡೆದಾಗ ಬಿಳಿ ಮಂಜು ಬದು ದಾಟಿ ತೋಟದ ಮೇಲೆ ಕೂರುವುದನ್ನು ಕಣ್ಣಾರೆ ಕಂಡೆ. ಮೂರನೆಯದಕ್ಕೆ ಅವನು ತಿರುಗುವಷ್ಟರಲ್ಲಿ ಬಾವುಟವನ್ನು ನೆಲಕ್ಕೆ ಇಟ್ಟುಬಿಟ್ಟೆ. ಅವನು ಬಂದ, ಔಷಧಿ ಬಿಡದೆ ಏರಿದ. ಮತ್ತೊಂದು ಸುತ್ತು ಬಂದ. ನಾನು ಎತ್ತಲಿಲ್ಲ. ಹೊರಟು ಹೋದ.

ವಿಮಾನ ಇಳಿಸುವ ಬಯಲಿಗೆ ಓಡಿದೆ. ಅಣ್ಣ ರೆಕ್ಕೆಯ ನೆರಳಲ್ಲಿ ಕೂತಿದ್ದ.

“ಇನ್ನ ನಾಕು ಪಟ್ಟೆ ಇತ್ತು ಕಣೇ. ನಾಕೇ.”

“ಗಾಳಿ ಎದ್ದಿತ್ತು.”

“ನಂಗೂ ಗೊತ್ತು.”

“ಗೊತ್ತಿದ್ದೂ ಹೊಡ್ದಾ?”

ಅವನನ್ನು ಅಲ್ಲೇ ಬಿಟ್ಟು ನಾನು ಮನೆಗೆ ಬಂದೆ.

ಮುಂದಿನದು ನನ್ನ ತಪ್ಪು. ಎಂಟೂವರೆಗೆ ಮನೆ ಸೇರಿದವಳು ಹನ್ನೊಂದರವರೆಗೆ ಬಾಯಿ ಬಿಡಲಿಲ್ಲ. ಭದ್ರಮ್ಮ ನನ್ನೆದುರಿಗೇ ಹುಳು ಸಾಕುವ ಬಿದಿರಿನ ತಟ್ಟೆ ಗುಡಿಸುತ್ತಿದ್ದರು. ನಾನು ಮುದ್ದೆಗೆ ಎಸರಿಟ್ಟೆ, ಇಳಿಸಿದೆ, ಮತ್ತೆ ಇಟ್ಟೆ. ಹೇಳಿದರೆ ದೂರು ಹೋಗುತ್ತದೆ, ದೂರು ಹೋದರೆ ಅಣ್ಣನ ಕೆಲಸ ಹೋಗುತ್ತದೆ. ಹೇಳದಿದ್ದರೆ ಹುಳು ಸತ್ತಾಗ ಎಲ್ಲರೂ ರೋಗ ಬಂತು ಅಂದುಕೊಳ್ಳುತ್ತಾರೆ. ಇನ್ಸ್‌ಪೆಕ್ಟರ್ ಎದುರಿಗೆ ಬೀಗದ ವಿಷಯ ಹೇಳಿದಾಗ ಹೋಗುವುದು ನನ್ನದೊಂದೇ ಇತ್ತು ಅಪ್ಪ, ನನ್ನವರದ್ದಲ್ಲ. ಅದು ಇವತ್ತು ತಿಳಿಯಿತು.

ಹನ್ನೊಂದಕ್ಕೆ ತಡೆಯಲಾರದೆ ಭದ್ರಮ್ಮನ ಮುಂದೆ ಹೋಗಿ, ಬದುವಿನಾಚೆಯ ತೋಟದ ಸೊಪ್ಪು ಕುಯ್ಯಬೇಡಿ ಅಂದೆ. ಅವರು ತಲೆ ಎತ್ತಿ ನೋಡಿದರು.

“ನಿಮ್ಮಣ್ಣ ಆಗ್ಲೇ ಬಂದು ಯೇಳೋದ್ನಲ್ಲ ಮಗ. ಇತ್ಲು ಬಾಗ್ಲಿಂದ ಬಂದ. ನೀನು ಒಲೆ ಮುಂದಿದ್ದೆ.”

ಅವನು ಅದೇ ಬಿಳಿ ಷರಟಿನಲ್ಲಿ ಹನ್ನೊಂದು ಮನೆಗೂ ಹೋಗಿದ್ದನಂತೆ. ಗಾಳಿಯಲ್ಲಿ ಎರಡು ಪಟ್ಟೆ ಹೊಡೆದದ್ದು ನಾನು, ತಪ್ಪು ನನ್ನದು, ಆ ಸೊಪ್ಪು ಹಾಕಬೇಡಿ ಅಂದನಂತೆ. ಹತ್ತು ಮನೆಯವರು ಇನ್ನೂ ಹಾಕಿರಲಿಲ್ಲ. ವಸಂತಮ್ಮ ಅನ್ನುವವರು ಎಂಟು ಗಂಟೆಗೆ ಕುಯ್ದು ಒಂಬತ್ತೂವರೆಗೆ ಹಾಕಿಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಅವರ ಆರು ತಟ್ಟೆ ಹುಳು ಸತ್ತವು. ನಾನು ಬಂದ ಕೂಡಲೇ ಹೇಳಿದ್ದರೆ ಬದುಕುತ್ತಿದ್ದವು. ಅಣ್ಣನೂ ಹತ್ತು ಗಂಟೆಯವರೆಗೆ ರೆಕ್ಕೆಯ ಕೆಳಗೇ ಕೂತಿದ್ದನಂತೆ. ಹಾಗಾಗಿ ಆರು ತಟ್ಟೆ ನಮ್ಮಿಬ್ಬರ ಲೆಕ್ಕ.

ಮಿಕ್ಕ ಮನೆಗಳ ಹುಳು ಹಸಿದಿದ್ದವು. ಡಿಕ್ರೂಸ್ ಸಾಹೇಬರು ಯಾರನ್ನೂ ಕೇಳದೆ ಕಂಪನಿಯ ಜೀಪು ತೆಗೆದುಕೊಂಡು ಸರ್ಜಾಪುರದ ಕಡೆಗೆ ಹೋಗಿ ಮೂರು ಸಲ ಸೊಪ್ಪು ತುಂಬಿ ತಂದರು. ಮೂರನೇ ಸಲ ಇಳಿಯುವಾಗ ಅವರ ಕೂದಲೆಲ್ಲ ಎಲೆ.

ಈಗ ಅಣ್ಣ ಹೊರಗೆ ಕೂತು ದಿನದ ವರದಿ ಬರೆಯುತ್ತಿದ್ದಾನೆ. ಬಾವುಟ ಇಟ್ಟಿದ್ದು ಎಷ್ಟು ಗಂಟೆಗೆ ಅಂತ ನನ್ನನ್ನು ಕೇಳಿದ. ಹೇಳಿದೆ, ಬರೆದುಕೊಂಡ.

ರತ್ನ


ಆನೇಕಲ್
೧೨-೮-೧೯೭೪

ಅಪ್ಪನಿಗೆ ವೆಂಕಟೇಶಪ್ಪನ ನಮಸ್ಕಾರಗಳು.

ರತ್ನ ಬರೆದಿರುತ್ತಾಳೆ. ಅವಳು ಬರೆದದ್ದೆಲ್ಲ ನಿಜ.

ಏಪ್ರಿಲ್‌ನಿಂದ ನನಗೆ ಬರುತ್ತಿರುವುದು ಅರ್ಧ ಸಂಬಳ. ನಾಲ್ಕು ತಿಂಗಳು ನಿನ್ನಿಂದ ಮುಚ್ಚಿಟ್ಟೆ. ನೀನು ಊರಲ್ಲಿ ತಲೆ ಎತ್ತಿ ಓಡಾಡುತ್ತಿರುವುದನ್ನು ನೆನೆದು ಹೇಳಲಾಗಲಿಲ್ಲ.

ಗಾಳಿ ಎದ್ದದ್ದು ನನಗೆ ತಿಳಿದಿತ್ತು. ಎಕರೆಯ ಆಸೆಗೆ ಹೊಡೆದೆ. ಅದನ್ನು ಹಾಗೆಯೇ ವರದಿಯಲ್ಲಿ ಬರೆದು ಸಹಿ ಹಾಕಿ ಕಳಿಸಿದ್ದೇನೆ. ದೀಪಾವಳಿಯ ಮೇಲೆ ನನ್ನನ್ನು ಇಟ್ಟುಕೊಳ್ಳುವುದು ಅನುಮಾನ.

ವಸಂತಮ್ಮನವರ ಮನೆಗೆ ದಿನವೂ ಹೋಗುತ್ತಿದ್ದೇನೆ. ಮೂರು ದಿನ ಬೈದರು. ಇವತ್ತು ಬೈಯಲಿಲ್ಲ, ತಟ್ಟೆ ತೊಳೆಯಲು ಹೇಳಿದರು. ತೊಳೆದೆ.

ವೆಂಕಟೇಶ


ಕುಂದಲಹಳ್ಳಿ
೧೮-೮-೧೯೭೪

ಚಿ. ವೆಂಕಟೇಶನಿಗೆ ಆಶೀರ್ವಾದ. ರತ್ನಳಿಗೂ ಇದೇ ಕಾಗದ, ಜೊತೆಯಲ್ಲಿ ಕೂತು ಓದಿ.

ನಾನು ಕೆಲಸಕ್ಕೆ ಸೇರಿದ ವರ್ಷದ ಮಾತು. ಒಂದು ರೆಕ್ಕೆಯಲ್ಲಿ ಸಾವಿರಾರು ರಿವೆಟ್. ಒಂದು ಸೊಟ್ಟಗೆ ಕೂತರೆ ಹೊಡೆದವನಿಗೆ ಕೈಯಲ್ಲೇ ಗೊತ್ತಾಗುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಬರುವವರು ಬಳಪದಲ್ಲಿ ಸುತ್ತು ಹಾಕಿದ ರಿವೆಟ್ಟನ್ನು ಕೊರೆದು ತೆಗೆದು ಹೊಸದು ಹೊಡೆಯಬೇಕು. ಒಂದು ದಿನ ನನ್ನ ಕೈ ತಪ್ಪಿತು. ಅವರು ಬರುವ ಮುಂಚೆ ನಾನೇ ಅದಕ್ಕೆ ಸುತ್ತು ಹಾಕಿದೆ. ಜೊತೆಯವರು ಒಂದು ವಾರ ನಗಾಡಿದರು, ಗೋಪಾಲಪ್ಪ ತನ್ನ ತಲೆಗೆ ತಾನೇ ಸುತ್ತು ಹಾಕ್ಕೊಂಡ ಅಂತ. ಆವತ್ತಿನಿಂದ ಇವತ್ತಿನವರೆಗೆ ನಾನು ಹೊಡೆದ ಸಾಲಿನ ಮುಂದೆ ಪರೀಕ್ಷೆಯವರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದನ್ನು ನಾನು ನಿನಗೆ ಎಂದೂ ಹೇಳಿರಲಿಲ್ಲ. ಹೇಳದೆಯೂ ನಿನಗೆ ಹೇಗೆ ಬಂತೋ.

ಹುಳು ಸತ್ತ ಮನೆಗೆ ಹೋಗುವುದನ್ನು ನಿಲ್ಲಿಸಬೇಡ. ರತ್ನ, ನೀನೂ ಹೋಗು.

ನಾನೂ ಒಂದು ಕೆಲಸ ಮಾಡಿದೆ. ಮೊನ್ನೆ ಕ್ಯಾಂಟೀನಿನಲ್ಲಿ ಫೋರ್‌ಮನ್ ಎದುರಿಗೆ, ನನ್ನ ಮಗನ ಸಂಬಳ ಈಗ ನಿಮ್ಮದಕ್ಕಿಂತ ಕಡಿಮೆ ಸಾರ್ ಅಂದೆ. ಅವರು ತಮ್ಮ ವಡೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ನಾನು ತಿಂದೆ.

ಮನೆಗೆ ಬಂದು ನಿಮ್ಮಮ್ಮನಿಗೂ ಹೇಳಿದೆ. ಅವಳಿಗೆ ಜೂನ್‌ನಲ್ಲೇ ತಿಳಿದಿತ್ತಂತೆ. “ಎರಡು ಆಳೆ ಕಾಗ್ದಾನ ಒಂದು ನಿಮ್ಷದಾಗೆ ಓದಿ ಮುಗಿಸ್ತಾರಾ? ನಂಗೆ ಓದಕ್ ಬರಾಕಿಲ್ಲ, ಎಣ್ಸಕ್ ಬತ್ತದೆ” ಅಂದಳು. ನಿಮಗೆ ಕಳಿಸಲು ರಾಗಿ ಹುರಿಹಿಟ್ಟು ಮಾಡುತ್ತಿದ್ದಾಳೆ.

ಗೋಪಾಲಪ್ಪ


ಆನೇಕಲ್
೧೭-೧೧-೧೯೭೪

ಅಪ್ಪ, ಅಮ್ಮನಿಗೆ,

ದೀಪಾವಳಿಗೆ ಬರಲಾಗಲಿಲ್ಲ. ಮ್ಯಾನೇಜರ್ ಬಂದಿದ್ದರು.

ಲೆಕ್ಕದಲ್ಲಿ ಡಿಕ್ರೂಸ್ ಸಾಹೇಬರು ನಲವತ್ತು ಎಕರೆ ಮುಂದೆ. ಆದರೆ ಮ್ಯಾನೇಜರ್‌ಗೆ ಅಣ್ಣನೇ ಬೇಕು, ವಯಸ್ಸು ಚಿಕ್ಕದು, ಕಣ್ಣು ಚೆನ್ನಾಗಿದೆ ಅಂತ. ಒಂದೇ ಅಡ್ಡಿ ಅಂದರೆ ಆಗಸ್ಟ್ ಎಂಟರ ವರದಿ. ವರ್ಷದ ವರದಿಗಳೆಲ್ಲ ಸರ್ಕಾರದ ಇಲಾಖೆಗೆ ಹೋಗಬೇಕಂತೆ. ಇಲಾಖೆಯವರು ಅದನ್ನು ನೋಡಿದರೆ ಬರುವ ವರ್ಷ ಕಂಪನಿಗೆ ಕೆಲಸ ಕೊಡುವುದಿಲ್ಲ ಅನ್ನುವ ಭಯ. ಖಾಲಿ ಹಾಳೆಯನ್ನು ಟೇಬಲ್ ಮೇಲಿಟ್ಟು, ಗಾಳಿಯ ಮಾತು ಬಿಟ್ಟು ಇನ್ನೊಂದು ವರದಿ ಬರೆದುಕೊಡು, ಕೆಲಸ ನಿನ್ನದೇ ಅಂದರು. ನಾನು ಕಾಫಿ ಕೊಡಲು ಹೋದವಳು ಲೋಟ ಹಿಡಿದೇ ನಿಂತೆ. ಈ ಸಲ ಇಡುವುದಕ್ಕೆ ನನ್ನ ಕೈಯಲ್ಲಿ ಬಾವುಟ ಇರಲಿಲ್ಲ.

ಅಣ್ಣ ಹಾಳೆಯನ್ನು ಅವರ ಕಡೆಗೇ ಸರಿಸಿದ.

“ಸಾರ್, ಹನ್ನೊಂದು ಮನೆಗೆ ಹೋಗಿ ನನ್ ಬಾಯಲ್ಲೇ ಹೇಳ್ಬಂದಿದೀನಿ. ಇದ್ರಲ್ಲಿ ಬೇರೆ ಬರೆದ್ರೆ, ಅವತ್ತು ಹೇಳಿದ್ದು ಸುಳ್ಳು ಅಂತ ಮತ್ತೆ ಹನ್ನೊಂದು ಮನೆಗೂ ಹೋಗ್ಬೇಕಾಗುತ್ತೆ. ನನ್ ಕೈಲಾಗಲ್ಲ.”

ಮ್ಯಾನೇಜರ್ ಹಾಳೆಯನ್ನು ಪಕ್ಕದಲ್ಲೇ ಕೂತಿದ್ದ ಡಿಕ್ರೂಸ್ ಸಾಹೇಬರ ಕಡೆಗೆ ತಳ್ಳಿದರು. ನೀವು ಹಿರಿಯರು, ಹುಡುಗ ಗಾಬರಿಯಲ್ಲಿ ತಪ್ಪು ಬರೆದಿದ್ದಾನೆ ಅಂತ ಒಂದು ಸಾಲು ಬರೆದು ಸಹಿ ಹಾಕಿ, ಕೆಲಸ ನಿಮಗೆ ಅಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಮೂರ್ ಟ್ರಿಪ್ ಸೊಪ್ಪು ತಂದಿದ್ದು ನಾನು, ಮ್ಯಾನ್. ಜೀಪಿನ ಬುಕ್ಕಲ್ಲಿ ನಂದೇ ಸೈನ್ ಇದೆ. ಗಾಳಿ ಇರ್ಲಿಲ್ಲ ಅಂದ್ರೆ ಸೊಪ್ಪು ಯಾಕ್ ತಂದೆ ಅಂತ ಬರೀಲಿ? ನಾನೇ ತಿನ್ನಕ್ಕಾ?”

ಅಣ್ಣ ನಕ್ಕ. ಆಗಸ್ಟ್‌ನಿಂದ ಅವನು ನಕ್ಕದ್ದು ನಾನು ನೋಡಿರಲಿಲ್ಲ.

ಮ್ಯಾನೇಜರ್ ಹತ್ತಿರ ಒಂದು ವಿಮಾನ, ಎದುರಿಗೆ ಇಬ್ಬರು ಪೈಲಟ್. ಕಬ್ಬಿನ ಕೆಲಸ ಮುಂದಿನ ವಾರ ಶುರುವಾಗಬೇಕು. ಬಿಟ್ಟು ಹೋದ ಇಬ್ಬರಿಗೆ ತಂತಿ ಕೊಟ್ಟರೂ ಬರುವುದಿಲ್ಲ ಅಂತ ಅವರಿಗೂ ಗೊತ್ತು. ಆಗ ಸಾಹೇಬರೇ ಒಂದು ಮಾತು ಹೇಳಿದರು: ಒಂದು ಕೆಲಸವನ್ನು ಇಬ್ಬರಿಗೂ ಕೊಡಿ. ಒಂದು ವಾರ ನಾನು, ಒಂದು ವಾರ ವೆಂಕಟೇಶ್. ಸಂಬಳ ಅರ್ಧದಲ್ಲಿ ಅರ್ಧ. ಸಂಜೆಯವರೆಗೆ ಜಗ್ಗಾಡಿ ಮ್ಯಾನೇಜರ್ ಒಪ್ಪಿದರು. ವರದಿ ಇದ್ದ ಹಾಗೇ ಇಲಾಖೆಗೆ ಹೋಗುತ್ತದೆ. ಬರುವ ವರ್ಷ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ.

ಅಂದರೆ ಅಣ್ಣನಿಗೆ ಈಗ ಕಾಲು ಸಂಬಳ. ಹಾರದ ವಾರ ಅವನು ಕುಂದಲಹಳ್ಳಿಗೆ ಬರುತ್ತಾನೆ. ವೈಟ್‌ಫೀಲ್ಡ್ ಸ್ಟೇಷನ್ ಹತ್ತಿರ ಸಾಹೇಬರ ಭಾವಮೈದನ ಕಬ್ಬಿಣ ಕಡೆಯುವ ಲೇತ್ ವರ್ಕ್‌ಷಾಪ್ ಇದೆ, ಅಲ್ಲಿ ಕೆಲಸ. ನಾನು ಇಲ್ಲೇ ಇರುತ್ತೇನೆ. ಇಬ್ಬರ ವಾರದಲ್ಲೂ ಬಾವುಟ ನನ್ನದೇ. ಮಧ್ಯಾಹ್ನ ವಸಂತಮ್ಮನವರ ಹುಳುಗಳಿಗೆ ಸೊಪ್ಪು ಹೆಚ್ಚುತ್ತೇನೆ. ಈ ಸಲದ ಬೆಳೆ ನಿನ್ನೆ ಚಂದ್ರಿಕೆ ಹತ್ತಿದೆ. ಆ ಬಿದಿರಿನ ಚಾಪೆಯ ಸುರುಳಿಯಲ್ಲಿ ಗೂಡು ಕಟ್ಟುವುದನ್ನು ಅವರೇ ಕರೆದು ತೋರಿಸಿದರು.

ಅಣ್ಣ ಸೋಮವಾರದ ಬಸ್ಸಿಗೆ ಬರುತ್ತಾನೆ. ಏನಾದರೂ ಕೇಳುವುದಿದ್ದರೆ ನೇರವಾಗಿ ಕೇಳು, ನೇರವಾಗಿ ಹೇಳುತ್ತಾನೆ.

ರತ್ನ


ಕುಂದಲಹಳ್ಳಿ
೨೪-೧೧-೧೯೭೪

ರತ್ನಳಿಗೆ,

ನಿಮ್ಮಣ್ಣನ ಮೊದಲ ವಾರ ಮುಗಿಯಿತು. ನಾಳೆ ಬೆಳಿಗ್ಗೆ ಆನೇಕಲ್ ಬಸ್ಸು ಹತ್ತುತ್ತಾನೆ. ಅವನ ಕೈಲಿ ಅವರೆಕಾಯಿ ಕಳಿಸುತ್ತಿದ್ದೇವೆ, ಡಿಕ್ರೂಸ್ ಸಾಹೇಬರಿಗೂ ಸ್ವಲ್ಪ ಕೊಡು.

ಬುಧವಾರ ಸಂಜೆ ನಡೆದದ್ದನ್ನು ಅವನು ನಿನಗೆ ಹೇಳಲಾರ. ನಾನು ಬರೆಯುತ್ತೇನೆ.

ನಾವು ಹಿರಿಯರು ಏಳೆಂಟು ಜನ ಅರಳಿಕಟ್ಟೆಯ ಮೇಲೆ ಕೂತಿದ್ದೆವು. ವೈಟ್‌ಫೀಲ್ಡ್ ಬಸ್ಸು ನಿಂತಿತು. ವೆಂಕಟೇಶ ಇಳಿದ. ಖಾಕಿ ಪ್ಯಾಂಟು, ಮೈಯೆಲ್ಲ ಲೇತಿನ ಎಣ್ಣೆ. ಅವನನ್ನು ಆ ವೇಷದಲ್ಲಿ ಊರು ನೋಡಿರಲಿಲ್ಲ. ನಂಜಪ್ಪನ ಬಾಯಿ ನಿನಗೆ ಗೊತ್ತಲ್ಲ.

“ಏನ್ ಕ್ಯಾಪ್ಟನ್ರೇ, ಇಮಾನ ಎಲ್ ಬಿಟ್ರಿ?”

ಇಬ್ಬರು ಮೂವರು ನಕ್ಕರು. ಕಾರ್ಖಾನೆಯಲ್ಲಿ ನಾನೇ ಹೇಳಿದ್ದೆ, ಊರಲ್ಲಿ ಇನ್ನೂ ಹೇಳಿರಲಿಲ್ಲ. ಇವನು ಏನಾದರೊಂದು ಹೇಳಿ ಜಾರಿಕೊಂಡು ಹೋಗಲಿ ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಅದನ್ನೂ ಬರೆಯುತ್ತಿದ್ದೇನೆ.

ಅವನು ನಿಂತ. “ಆನೇಕಲ್‌ನಲ್ಲಿದೆ ಮಾವ. ಈ ವಾರ ಡಿಕ್ರೂಸ್ ಸಾಹೇಬ್ರು ಹಾರಿಸ್ತಾರೆ, ಬರೋ ವಾರ ನಾನು. ಒಬ್ಬರ ಕೆಲ್ಸಾನ ಇಬ್ರು ಹಂಚ್ಕೊಂಡಿದೀವಿ. ಸಂಬ್ಳ ಕಾಲು ಭಾಗ ಆಗಿದೆ, ಅದಕ್ಕೆ ಈ ವಾರ ಲೇತು” ಅಂದ. ಹೊತ್ತು ಎಷ್ಟಾಯಿತು ಅಂತ ಕೇಳಿದವರಿಗೆ ಹೇಳಿದ ಹಾಗೆ ಹೇಳಿದ. ಆಮೇಲೆ ಯಾರೂ ನಗಲಿಲ್ಲ. ನಂಜಪ್ಪ ಎಲೆಗೆ ಸುಣ್ಣ ಹಚ್ಚತೊಡಗಿದ.

ನಮ್ಮೂರಲ್ಲಿ ಅಪ್ಪ ಕೂತ ಕಟ್ಟೆಯ ಮೇಲೆ ಮಗ ಕೂರುವುದಿಲ್ಲ. ನನ್ನ ಅಪ್ಪ ಸಾಯುವವರೆಗೂ ನಾನು ಅವನ ಮುಂದೆ ಆ ಕಲ್ಲಿನ ಮೇಲೆ ಕೂತವನಲ್ಲ. ಅವತ್ತು ನಾನು ಪಕ್ಕಕ್ಕೆ ಸರಿದು ಕಲ್ಲನ್ನು ಕೈಯಿಂದ ಒರೆಸಿ, “ಬಾ, ಕೂತ್ಕೋ” ಅಂದೆ. ಅವನಿಗೆ ನಂಬಿಕೆ ಬರಲಿಲ್ಲ, ಹಿಂದೆ ಯಾರಾದರೂ ನಿಂತಿದ್ದಾರೇನೋ ಅಂತ ತಿರುಗಿ ನೋಡಿದ. ಆಮೇಲೆ ಬಂದು ಕೂತ. ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದೆವು.

ಅವನ ಪ್ಯಾಂಟಿನ ಎಣ್ಣೆ ನನ್ನ ಪಂಚೆಗೆ ಮೆತ್ತಿಕೊಂಡಿತು. ಒಗೆಯಲು ಹಾಕಿ ಅಂತ ನಿಮ್ಮಮ್ಮ ನಾಲ್ಕು ದಿನದಿಂದ ಕೇಳುತ್ತಿದ್ದಾಳೆ. ನಾಳೆ ಕೊಡುತ್ತೇನೆ ಅಂದು ಅದನ್ನೇ ಉಟ್ಟುಕೊಂಡು ಓಡಾಡುತ್ತಿದ್ದೇನೆ.

ನಿನ್ನ ಅಪ್ಪ
ಗೋಪಾಲಪ್ಪ